ಬೇಡ ಎನ್ನುವವರು ಮೊದಲು

ಚಾಲಕ ಗಾಡಿಯ ಹಿಂಬಾಗಿಲು ತೆಗೆದು ಖಾಲಿ ಸ್ಟ್ರೆಚರನ್ನು ಅರ್ಧ ಹೊರಗೆಳೆದಿದ್ದ. ಮಗಳು ಮನೆಯ ಮೆಟ್ಟಿಲಿಳಿದು ಬಂದು ಅದನ್ನು ಮತ್ತೆ ಒಳಕ್ಕೆ ತಳ್ಳಿದಳು.

"ಸ್ವಲ್ಪ ತಡೀರಿ," ಎಂದಳು.

ಚಾಲಕ ಪ್ರಿನ್ಸಿಪಾಲರ ಮುಖ ನೋಡಿದ. ಬೆಳಗಿನಿಂದ ಅಪ್ಪಣೆಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಮೇಡಂ ದೇಹವನ್ನು ಮೊದಲು ತಮ್ಮ ಶಿಕ್ಷಕರ ತರಬೇತಿ ಕಾಲೇಜಿಗೆ ಒಯ್ಯುವುದು, ಅಲ್ಲಿ ಅಂತಿಮ ದರ್ಶನ, ಮಂತ್ರಿಗಳ ಭಾಷಣ, ಆಮೇಲೆ ಮಸಣ ಎಂದು ಅವರು ಗೊತ್ತುಮಾಡಿ ಆಗಿತ್ತು. ಪೆಂಡಾಲು ಎದ್ದಿತ್ತು, ಮೈಕಿನವನು ಬಂದಿದ್ದ. ಮಗಳನ್ನು ಕೇಳುವುದೊಂದು ಉಳಿದುಹೋಗಿತ್ತು.

ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮುಂದೆ ಮೇಷ್ಟ್ರಾಗುವವರಿಗೆ, ಶಾಲೆಯಲ್ಲಿ ಪೌರನೀತಿ ಕಲಿಸುವುದು ಹೇಗೆಂದು ಆ ಕಾಲೇಜಿನಲ್ಲಿ ಜೀವಮಾನವೆಲ್ಲ ಹೇಳಿಕೊಟ್ಟವರು ಮೇಡಂ. ಅವರ ಕೈಯಲ್ಲಿ ಪಳಗಿದವರೇ ಈಗ ಬೀದಿ ತುಂಬ ನಿಂತಿದ್ದರು. ಮೇಷ್ಟ್ರುಗಳ ಗುಂಪೆಂದರೆ ಕೇಳಬೇಕೆ? ಸಾಲಾಗಿ ನಿಲ್ಲಿ ಎನ್ನುವವರೇ ಎಲ್ಲ, ನಿಲ್ಲುವವರು ಯಾರೂ ಇಲ್ಲ.

ಊರಿಗೆ ಊರೇ ಬಂದಿರುವಾಗ ಅಡ್ಡ ಮಾತಾಡಿದರೆ ಜನ ಆಡಿಕೊಳ್ಳುತ್ತಾರೆ, ಇವತ್ತೊಂದು ದಿನ ನುಂಗಿಕೊಂಡುಬಿಡು ಎಂದು ಚಿಕ್ಕಮ್ಮ ಅಡುಗೆಮನೆಯಲ್ಲೇ ಬುದ್ಧಿ ಹೇಳಿದ್ದಳು. ಮಗಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಆಸ್ಪತ್ರೆಯಲ್ಲೂ ಶಿಷ್ಯರು, ಮನೆಗೆ ತಂದ ಮೇಲೂ ಶಿಷ್ಯರು. ಅಮ್ಮನ ಪಕ್ಕ ಒಬ್ಬಳೇ ಕೂರಲು ಅವಳಿಗೊಂದು ಗಳಿಗೆ ಸಿಕ್ಕಿರಲಿಲ್ಲ. ಕಾಲೇಜಿಗೆ ಹೋದರೆ ಇನ್ನು ಸಿಗುವುದೂ ಇಲ್ಲ.

ಪ್ರಿನ್ಸಿಪಾಲರು ಸಮಾಧಾನದ ದನಿ ತೆಗೆದರು. "ನೋಡಮ್ಮ, ಮೇಡಂ ನಿನ್ನೊಬ್ಬಳಿಗೇ ತಾಯಿ ಅಲ್ಲ, ನಮಗೆಲ್ಲ ತಾಯಿ." ಆಮೇಲೆ ಬೀದಿಯ ಕಡೆ ತಿರುಗಿದರು. "ಕಾಲೇಜಿಗೆ ಹೊರಡೋಣ. ಎಲ್ಲರಿಗೂ ಒಪ್ಪಿಗೆ ತಾನೇ?"

"ಒಪ್ಪಿಗೆ," ಎಂದಿತು ಬೀದಿ, ಒಂದೇ ರಾಗದಲ್ಲಿ.

ಪ್ರಿನ್ಸಿಪಾಲರ ಜೊತೆಗೇ ತರಬೇತಿ ಮುಗಿಸಿ ಈಗ ಶಾಲೆಯೊಂದರ ಹೆಡ್‌ಮೇಡಂ ಆಗಿದ್ದವಳೊಬ್ಬಳು ಗೋಡೆಗೆ ಒರಗಿ ಅಳುತ್ತಿದ್ದಳು. ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಏನಯ್ಯಾ, ಕೊನೇ ಬೆಂಚು ಖಾಲಿಯಾದ ದಿನವೇ ಈ ಕೆಲಸ ಮಾಡಿದೆಯಾ?"



*

ಕೊನೇ ಬೆಂಚು ಎಂಬುದು ತರಬೇತಿಯ ವಿದ್ಯಾರ್ಥಿಗಳು ಮೇಡಂಗೆ ಇಟ್ಟ ಹೆಸರು. ಆ ವಿದ್ಯಾರ್ಥಿಗಳು ಶಾಲೆಯ ಮಕ್ಕಳಿಗೆ ಮಾಡುವ ಅಭ್ಯಾಸಪಾಠ ನೋಡಲು ಬಂದರೆ ಮೇಡಂ ಮೇಷ್ಟ್ರ ಕುರ್ಚಿಯ ಕಡೆ ಸುಳಿಯುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ತೂರಿಕೊಂಡು ಕೂರುತ್ತಿದ್ದರು.

ಪ್ರಿನ್ಸಿಪಾಲರು ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಹಕ್ಕುಗಳ ಬಗ್ಗೆ ಅರಳು ಹುರಿದಂತೆ ಮಾತಾಡಿದ. ಕೊನೆಗೆ, ನಮ್ಮ ತರಗತಿಗೂ ಒಂದು ನಿಯಮ ಮಾಡೋಣ, ಎತ್ತರದವರು ಹಿಂದೆ ಕೂರಲಿ, ಎಲ್ಲರಿಗೂ ಒಪ್ಪಿಗೆ ತಾನೇ ಎಂದು ಕೇಳಿದ. ಮಕ್ಕಳು ಒಪ್ಪಿಗೆ ಸಾರ್ ಎಂದರು. ಅವನು ಎದೆಯುಬ್ಬಿಸಿ ಪುಸ್ತಕ ಮುಚ್ಚಿದ.

ಮೇಡಂ ಅವನನ್ನು ಹೊರಗೆ ಕರೆದರು. "ಮಾತು ಚೆನ್ನಾಗಿದೆ. ಆದ್ರೆ ನನ್ನ ಪಕ್ಕ ಕೂತ ಎತ್ತರದ ಹುಡುಗಿಗೆ ಕಣ್ಣು ಮಂಜು, ಅಲ್ಲಿಂದ ಬೋರ್ಡು ಕಾಣಿಸ್ತಾ ಇಲ್ಲ. ಅವಳೂ ಒಪ್ಪಿಗೆ ಅಂದ್ಲು. ಬೇಡ ಅನ್ನೋರನ್ನ ಮೊದಲು ಕೇಳಿದ್ರೆ ನಿಂಗೆ ಗೊತ್ತಾಗ್ತಿತ್ತು. ನಾಳೆ ಇನ್ನೊಂದು ಸಲ ಮಾಡಪ್ಪ."

ಮಾರನೆಯ ದಿನ ಅವನು ಕೇಳಿದ, ಆದರೆ ಕೈಯಲ್ಲಿ ಕೋಲಿತ್ತು. ಮತ್ತೆ ಮಾಡು ಎಂದರು. ಅದರ ಮಾರನೆಯ ದಿನ ಕೋಲು ಬದಿಗಿಟ್ಟು ಕೇಳಿದ, ಕೇಳಿ, ಕಾದ. ಕಡೆಗೂ ಆ ಹುಡುಗಿ ಕೈಯೆತ್ತಿ, ನಂಗೆ ಕಾಣಲ್ಲ ಸಾರ್, ನಾನು ಮುಂದೆ ಕೂರ್ತೀನಿ ಎಂದಳು. ಮೇಡಂ ಮಕ್ಕಳೆದುರೇ ಎದ್ದು ನಿಂತು ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆ ಆ ಹುಡುಗನಿಗೆ ಮುಂದೆ ಪ್ರಿನ್ಸಿಪಾಲನಾದಾಗಲೂ ಸಿಗಲಿಲ್ಲ.

*

ಮನೆಯಲ್ಲಿ ಮಾತ್ರ ದೀಪದ ಬುಡ ಕತ್ತಲೆ. ಭಾನುವಾರವೂ ಹಜಾರದ ತುಂಬ ತರಬೇತಿಯವರು, ಚಾರ್ಟು, ಚರ್ಚೆ. ಮಗುವಿನ ಮಾತಿಗೆ ಕಿವಿಗೊಡುವುದು ಹೇಗೆಂದು ಮೇಡಂ ಅವರಿಗೆ ವಿವರಿಸುತ್ತಿದ್ದರೆ, ಕೆರೆಗೆ ಕರೆದೊಯ್ಯುತ್ತೇನೆಂದ ಮಾತು ನಂಬಿ ಚಪ್ಪಲಿ ಮೆಟ್ಟಿಕೊಂಡ ಮಗಳು ಬಾಗಿಲಲ್ಲೇ ನಿಂತಿರುತ್ತಿದ್ದಳು. ಮುಂದಿನ ವಾರ ಖಂಡಿತ ಎನ್ನುತ್ತಿದ್ದರು ಅಮ್ಮ. ಅದು ಸುಳ್ಳಲ್ಲ, ಹಾಗೆಂದೇ ಅವರು ನಂಬಿರುತ್ತಿದ್ದರು.

ಒಂದು ವರ್ಷ ಅವಳ ಶಾಲೆಗೆ ಒಬ್ಬ ಹೊಸ ಟೀಚರ್ ಬಂದರು. ಮೊದಲ ದಿನವೇ ಏನೋ ನಿಯಮ ಹೇಳಿ, ಬೇಡ ಅನ್ನೋರು ಮೊದಲು ಹೇಳಿ ಎಂದು ಕೈಕಟ್ಟಿ ಕಾದರು. ಅದು ಯಾರ ಮಾತೆಂದು ಅವಳಿಗೆ ತಕ್ಷಣ ತಿಳಿಯಿತು. ಕೈಯೆತ್ತಿದಳು. ಹೆಮ್ಮೆಯ ಭರದಲ್ಲಿ, ಏನು ಬೇಡವೆಂದು ಹೇಳುವುದೇ ಮರೆತುಹೋಯಿತು. ಇದನ್ನು ಅಮ್ಮನಿಗೆ ಹೇಳಬೇಕೆಂದು ಮನೆಗೆ ಓಡಿದಳು. ಹಜಾರದಲ್ಲಿ ಜನವಿದ್ದರು. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಎಂದು ಆ ಮಾತು ಹಾಗೇ ಉಳಿದುಬಿಟ್ಟಿತು.

*

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು.

"ಬೇಡ ಅನ್ನೋರು ಯಾರು?" ಎಂದು ಕೇಳಿದರು. ಕೇಳಿ, ಕಾದರು. ಬೀದಿಯೂ ಕಾಯಿತು.

ಮಗಳು ಕೈಯೆತ್ತಿದಳು.

"ಅಮ್ಮನ ಬಗ್ಗೆ ನೀವು ಎಷ್ಟು ಹೊಗಳಿದ್ರೂ ಅದೆಲ್ಲ ನಿಜವೇ. ಆದ್ರೆ ನಿಮ್ಮ ಜೊತೆ ಇದ್ದಷ್ಟು ಹೊತ್ತು ಅವರು ನನ್ನ ಜೊತೆ ಇರಲಿಲ್ಲ. ಒಂದು ಗಂಟೆ ನಮ್ಮಿಬ್ಬರನ್ನೇ ಬಿಡಿ. ಅಮ್ಮನಿಗೊಂದು ವಿಷಯ ಹೇಳೋದಿದೆ. ಆಮೇಲೆ ಸೀದಾ ಮಸಣಕ್ಕೆ ಹೋಗಿಬಿಡೋಣ. ಕಾಲೇಜೂ ಬೇಡ, ಭಾಷಣವೂ ಬೇಡ."

ಹಿಂದೆ ನಿಂತಿದ್ದ ಎಳೆಯ ಮೇಷ್ಟ್ರೊಬ್ಬ, ಹಾಗಿದ್ದರೆ ಕೈಯೆತ್ತಿಸಿ ಎಣಿಸಿಬಿಡೋಣವೇ ಎಂದ. ಹೆಡ್‌ಮೇಡಂ ಅವನ ಕಡೆ ತಿರುಗಿದಳು.

"ಹೋಗಿರೋದು ಅವಳ ತಾಯಿ ಕಣಪ್ಪ. ಎಣಿಸೋ ವಿಷಯ ಯಾವುದು, ಎಣಿಸಬಾರದ್ದು ಯಾವುದು ಅಂತಾನೂ ಮೇಡಂ ಪಾಠ ಮಾಡಿದ್ರು. ನೀನು ಅವತ್ತು ರಜ ಹಾಕಿದ್ದೆ ಅಂತ ಕಾಣುತ್ತೆ."

ಅಳುತ್ತಿದ್ದವರೂ ನಕ್ಕರು. ಮಂತ್ರಿಗಳು ಆಗಲೇ ಹೊರಟಿದ್ದಾರಂತಲ್ಲ, ಅವರಿಗೇನು ಹೇಳುವುದು ಎಂದು ಯಾರೋ ಕೇಳಿದರು. ಅದನ್ನು ನನಗೆ ಬಿಡಿ ಎಂದು ಪ್ರಿನ್ಸಿಪಾಲರು ಅಂಗಿಯ ತೋಳು ಮಡಿಸಿಕೊಂಡರು. ಚಿಕ್ಕಮ್ಮ ಹಜಾರದಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಕೊನೆಗೆ ತಾನೂ ಎದ್ದು ಬಂದಳು.

ಮಗಳು ಬಾಗಿಲು ಹಾಕಿದಳು. ಅಮ್ಮನ ಮುಖದ ಮೇಲೆ ಬಿದ್ದಿದ್ದ ಕೂದಲು ಸರಿಮಾಡಿ, ತಣ್ಣಗಿದ್ದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕೂತಳು.

"ಅಮ್ಮ, ನಮ್ಮ ಶಾಲೆಗೆ ಒಬ್ಬ ಹೊಸ ಟೀಚರ್ ಬಂದಿದ್ರು," ಎಂದು ಶುರುಮಾಡಿದಳು.

ಹೊರಗೆ, ಮಾತನ್ನೇ ಕಸುಬು ಮಾಡಿಕೊಂಡ ಅಷ್ಟೂ ಜನ ಬಿಸಿಲಿನಲ್ಲಿ, ರಸ್ತೆಯ ಮೇಲೆಯೇ, ತುಟಿಪಿಟಕ್ಕೆನ್ನದೆ ಕೂತಿದ್ದರು. ಬೀದಿಯ ತಿರುವಿನಲ್ಲಿ ಪ್ರಿನ್ಸಿಪಾಲರು ಎರಡೂ ಕೈ ಅಗಲಿಸಿ ಮಂತ್ರಿಗಳ ಕಾರಿಗೆ ಅಡ್ಡ ನಿಂತಿದ್ದರು.