ಏಸಿ ಹದಿನಾರರಲ್ಲಿರುವಾಗಿನ ಹಿಮನದಿ

೧.
ಎಲ್ಲಿಂದ ಶುರುಮಾಡಲಿ? ಉತ್ತರ ಧ್ರುವದತ್ತಲಿನ ಔಯುಯಿಟ್ಟುಕ್ ನ್ಯಾಷನಲ್ ಪಾರ್ಕಿನಿಂದ ಅಂದುಕೊಂಡಿದ್ದೆ. ಹೆಸರಿನ ಅರ್ಥ ‘ಎಂದೂ ಕರಗದ ನೆಲ’. ಸಾವಿರಾರು ವರ್ಷ ಬಂಡೆ ಉಜ್ಜಿ ಉಜ್ಜಿ ಹಿಮನದಿ ಕೊರೆದ ಕಣಿವೆ… (ಸಾಕು. ನಾನು ಅದನ್ನು ನೋಡಿದ್ದೇ ಮೊಬೈಲಿನಲ್ಲಿ. ಹೊಡೆದುಹಾಕಿದೆ.)

೨.
ಹಾಗಾದರೆ ಅಬುಧಾಬಿಯ ಅಲ್ ಮೀನಾ. ಅಲ್ಲಿನ ಮಾರ್ಕೆಟಿನಲ್ಲಿ ಅಂಜಲ್ ಮೀನು ಕತ್ತರಿಸುವ ಮಸೂದ್, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಹೊತ್ತು ಹಮ್ದಾನ್ ಸ್ಟ್ರೀಟಿನ ಮನೆಗೆ ಬಂದ. ಮಗಳು ಹಫ್ಸಳ ಸ್ಕೂಲ್ ಪ್ರಾಜೆಕ್ಟಿಗೆ ಅದೇ ಪಾರ್ಕಿನ ಕಣಿವೆ ಮಾಡಬೇಕಿತ್ತು. ಇಲ್ಲಿ ಇದೇ ಅವಳ ಕೊನೆಯ ಪ್ರಾಜೆಕ್ಟ್. ಮುಂದಿನ ಓದು ಊರಿನಲ್ಲಿ, ಉಳ್ಳಾಲದಲ್ಲಿ. ಶುಕ್ರವಾರ ಅವಳೂ ತಾಯಿ ರುಬೀನಳೂ ಹೊರಟುಬಿಡುತ್ತಾರೆ. ಇವನೊಬ್ಬ ಇಲ್ಲೇ.

“ಅಬ್ಬಾ, ಇಟ್ ಸ್ಮೆಲ್ಸ್ ಆಫ್ ಫಿಶ್!” ಹಫ್ಸ ಅಪ್ಪನಿಗೆ ದೂರಿದಳು.

“ಅಲ್ಲಿಯ ಐಸಿನ ಅಡಿಯಲ್ಲಿ ಎಂತ, ಮಲ್ಲಿಗೆ ಉಂಟಾ? ಅಲ್ಲಿಯೂ ಮೀನೇ ಮಗಾ.”

ಟ್ರೇಯ ಒದ್ದೆ ಮರಳಿನ ಮೇಲೆ ಇಬ್ಬರೂ ಐಸನ್ನು ಒತ್ತಿ ಎಳೆದರು. ನಡುವಿಗೆ ತಂದು ನಿಲ್ಲಿಸಿದರು.

“ಮರಳು ಯಾರು ಗುಡಿಸುದು? ಪ್ಯಾಕಿಂಗ್ ಇನ್ನೂ ಬಾಕಿ ಉಂಟು!” ರುಬೀನ ಒಳಗಿನಿಂದ ಬೈದಳು.

“ಕಣಿವೆ ಎಲ್ಲಿ ಮಗಾ?” ಮಸೂದ್ ಕೇಳಿದ.

“ಅಂಡರ್ ದ ಐಸ್, ಅಬ್ಬ. ಐಸ್ ಹೋದ್ಮೇಲೇ ಕಾಣುದು.”

ಮಸೂದ್ ಎದ್ದುಹೋಗಿ ಏಸಿಯನ್ನು ಹದಿನಾರಕ್ಕೆ ಇಳಿಸಿದ.

೩.
ಮುಕ್ತಾಯ ಒಂದು: ಮೂವರನ್ನೂ ನಿಜವಾದ ಆ ಪಾರ್ಕಿಗೇ ಕಳಿಸುತ್ತೇನೆ. (“ವೀಸಾ ನಿಮ್ಮ ಅಜ್ಜ ಕೊಡ್ತಾರಾ?” ಎಂದ ಮಸೂದ್. ಖಲಾಸ್, ಅದೂ ಹೋಯಿತು.)

ಮುಕ್ತಾಯ ಎರಡು: ಶುಕ್ರವಾರ. ಏರ್‌ಪೋರ್ಟ್. ಹಫ್ಸ ತಿರುಗಿ ನೋಡಿ…

“ಅದನ್ನು ಬರೀಬೇಡಿ ಮಾರ್ರೆ,” ಮಸೂದ್ ನನ್ನ ಪೆನ್ನಿಗೇ ಕೈಹಾಕಿದ.

“ಬರೆಯದಿದ್ದರೆ ಫ್ಲೈಟ್ ನಿಲ್ಲುತ್ತದಾ?”

“ನಿಲ್ಲುದಿಲ್ಲ, ಗೊತ್ತುಂಟು. ನೀವಾದ್ರೂ ಸ್ವಲ್ಪ ನಿಲ್ಲಿ.”

(ಕಥೆಗಾರರಿಗೆ ಕರುಣೆ ಇರಬಾರದು ಎನ್ನುತ್ತಾರೆ. ಹೇಳುವವರಿಗೇನು, ಅವರ ಮಗಳು ಪಕ್ಕದ ಕೋಣೆಯಲ್ಲೇ ಮಲಗಿರುತ್ತಾಳೆ.)

೪.
ನಿಂತಿದ್ದೇನೆ. ಹಫ್ಸ ಚಳಿಗೆ ನಡುಗಿ ಅಬ್ಬನ ಮಡಿಲಿಗೆ ಮುದುಡಿದ್ದಾಳೆ. ರುಬೀನ ಸೂಟ್‌ಕೇಸಿಗೆ ತುಂಬಿದ್ದ ಕಂಬಳಿಯನ್ನು ಮತ್ತೆ ಹೊರಗೆಳೆದು, ಬೈಯುತ್ತಲೇ ಇಬ್ಬರಿಗೂ ಹೊದಿಸಿ, ತಾನೂ ಒಳಗೆ ಸೇರಿಕೊಂಡಿದ್ದಾಳೆ. ಐಸಿನ ಅಂಚಿನಲ್ಲಿ ಒಂದು ಹನಿ ತೂಗುತ್ತಿದೆ. ಅದನ್ನು ನಾನು ಬೀಳಿಸುವುದಿಲ್ಲ.

ಓದುಗರೇ, ಬಾಗಿಲಲ್ಲೇ ಯಾಕೆ ನಿಂತಿರಿ? ಒಳಗೆ ಬನ್ನಿ, ಬಾಗಿಲು ಹಾಕಿಕೊಳ್ಳಿ. ಸೆಕೆ ನುಗ್ಗುತ್ತದೆ.