ಏಳನೆಯ ಕಡ್ಡಿ

ಒಂದಾನೊಂದು ಕಾಲದಲ್ಲಿ, ಕಡಲು ಇನ್ನೂ ಸಿಹಿಯಾಗಿದ್ದಾಗ, ಒಬ್ಬಳು ರಾಣಿ ಇದ್ದಳಂತೆ. ತಿಂದ ಒಂದೊಂದು ತುತ್ತಿಗೂ ಒಂದೊಂದು ಕಡ್ಡಿಯನ್ನು ಅವಳು ಸೂರಿನ ಹುಲ್ಲಿಗೆ ಸಿಕ್ಕಿಸಿಡುತ್ತಿದ್ದಳಂತೆ. ಯಮನ ಆಳು ಬಾಗಿಲಿಗೆ ಬಂದ ದಿನ ರಾಣಿ ಸೂರಿನತ್ತ ಕೈ ತೋರಿಸಿದಳು. "ಆಗಲಿ, ಒಂದು ಕಡ್ಡಿಯ ರುಚಿ ಹೇಳು, ಒಂದು ದಿನ ಬಿಡುತ್ತೇನೆ" ಎಂದನಂತೆ ಅವನು. ರಾಣಿ ಹೇಳತೊಡಗಿದಳು. ಅಜ್ಜಿಯ ಕತೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಕಡ್ಡಿಗಳೆಲ್ಲ ಮುಗಿದ ಮೇಲೆ ಏನಾಯಿತು ಎಂದು ಕೇಳಿದರೆ "ನಾಳೆ" ಎನ್ನುತ್ತಿದ್ದಳು. ಆ ನಾಳೆ ಬರುವ ಮೊದಲೇ ಅಜ್ಜಿ ಹೋಗಿಬಿಟ್ಟಳು.

ಅಜ್ಜಿಯ ಒಬ್ಬಳೇ ಮಗಳು ತುಂಗತ್ತೆ, ನನ್ನ ಅಪ್ಪನ ಅಕ್ಕ. ನಮ್ಮೂರಿನಲ್ಲಿ ಊಟದ ಮನೆ ನಡೆಸುತ್ತಿದ್ದವಳು. ಯಾರ ಮನೆಯ ಮದುವೆಯಾದರೂ ಸಾರಿನ ಹಂಡೆ ಇಳಿಸುವ ಮುಂಚೆ ಅಡುಗೆಯವರು ಅವಳನ್ನು ಕರೆದು ಅಂಗೈಗೆ ಒಂದು ಹನಿ ಹಾಕುತ್ತಿದ್ದರು. ಅವಳು ನೆಕ್ಕಿ ತಲೆಯಾಡಿಸಿದರೆ ಮಾತ್ರ ಎಲೆ ಹಾಕುವುದು. ಆ ನಾಲಗೆಯ ಬದಿಯಲ್ಲಿ ಒಂದು ಹುಣ್ಣು ಎದ್ದಿತು, ಎದ್ದದ್ದು ಮಾಯಲಿಲ್ಲ. ನಾನು ಆಗ ದೂರದೇಶದ ಒಂದು ಒಳನಾಡಿನ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದೆ. ಅಲ್ಲಿ ಒಳ್ಳೆಯ ವೈದ್ಯರಿದ್ದಾರೆಂದು ಅತ್ತೆಯನ್ನು ಕರೆಸಿಕೊಂಡೆ. ಎರಡು ತಿಂಗಳ ಚಿಕಿತ್ಸೆಯ ನಂತರ ಅವರು ಹೇಳಿದ್ದು ಇಷ್ಟು: ನಾಲಗೆಯನ್ನು ತೆಗೆಯಬೇಕು. ತೆಗೆದರೂ ಭರವಸೆ ಕೊಡಲಾರೆವು.

ಆಸ್ಪತ್ರೆಗೆ ಸೇರಿಸಲು ಒಂಬತ್ತು ದಿನಗಳಿದ್ದವು. ಆ ದೇಶದಲ್ಲಿ ತಿನ್ನುವುದನ್ನೇ ಹಬ್ಬ ಮಾಡಿಕೊಂಡ ಬಾಸ್ಕ್ ಜನರ ಕಡಲೂರು ಒಂದಿದೆಯೆಂದು ಕೇಳಿದ್ದೆ. ಅಲ್ಲಿಗೆ ಒಂದು ದಿನದ ಮಟ್ಟಿಗೆ ಹೋಗಿಬರೋಣ ಎಂದೆ. ಯಾವುದಾದರೊಂದು ತುತ್ತು ಆ ನಾಲಗೆಯನ್ನು ಕೊನೆಯ ಬಾರಿ ಎಬ್ಬಿಸೀತು ಎಂಬುದು ನನ್ನ ಆಸೆ. ಅತ್ತೆ ನನ್ನ ಮುಖವನ್ನೇ ನೋಡಿ, "ಆಯ್ತು ಮಗಾ, ಹೋಪ" ಎಂದಳು.

ಬೆಳಗಿನ ರೈಲು ಇಳಿದಾಗ ಕಡಲತೀರ ಅರ್ಧ ಮುರಿದಿಟ್ಟ ಹಪ್ಪಳದಂತೆ ಬಾಗಿಕೊಂಡಿತ್ತು. ಹಳೆಯ ಕೇರಿಯಲ್ಲಿ ಒತ್ತೊತ್ತಾಗಿ ತಿಂಡಿಯಂಗಡಿಗಳು. ಒಂದು ಅಂಗಡಿಯಲ್ಲಿ ನಿಂತೇ ಒಂದು ತುತ್ತು ತಿಂದು ಮುಂದಿನದಕ್ಕೆ ನಡೆಯುವುದು ಅಲ್ಲಿಯ ಕ್ರಮ. ಬ್ರೆಡ್ಡಿನ ತುಂಡಿನ ಮೇಲೆ ಮೀನೋ ಮೊಟ್ಟೆಯೋ ಅಣಬೆಯೋ ಇಟ್ಟು ಒಂದು ಕಡ್ಡಿ ಚುಚ್ಚಿರುತ್ತಾರೆ.

"ಇದೆಂತ ಊಟ ಮಾರಾಯ್ತಿ! ತಿಥಿ ದಿನ ಕಾಗೆ ಮನೆಮನೆ ಹಾರಿದ ಹಾಗೆ" ಎಂದಳು ಅತ್ತೆ. ಮಾತು ತೊದಲುತ್ತಿತ್ತು, ಕುಚೋದ್ಯ ತೊದಲಿರಲಿಲ್ಲ.

ಮೊದಲ ಅಂಗಡಿಯಲ್ಲಿ ನಾನೊಂದು ತಪ್ಪು ಮಾಡಿದೆ. ಹಸಿಮೆಣಸು, ಉಪ್ಪುಮೀನು, ಹಸಿರು ಆಲಿವ್ ಕಾಯಿ ಪೋಣಿಸಿದ ಕಡ್ಡಿಯನ್ನು ಬಾಯಿಂದ ಎಳೆದವಳೇ ಕಸದ ಬುಟ್ಟಿಗೆ ಎಸೆದೆ. ಅಂಗಡಿಯ ಮೈತೆ ಎಂಬ ದಪ್ಪ ಹೆಂಗಸು ನನ್ನ ಬರಿದಾದ ತಟ್ಟೆ ನೋಡಿ, "ಕಡ್ಡಿ ಎಲ್ಲಿ?" ಎಂದಳು. ತಟ್ಟೆಯಲ್ಲಿ ಉಳಿದ ಕಡ್ಡಿಗಳನ್ನು ನೋಡಿಯೇ ಯಾರು ಎಷ್ಟು ತಿಂದರೆಂದು ಅವರು ಲೆಕ್ಕ ಹಾಕಿ ಹಣ ಕೇಳುವುದಂತೆ. ಬಾಯಿಗೆ ಹೋಗಿಬಂದದ್ದನ್ನು ನಮ್ಮಲ್ಲಿ ಎದುರಿಗಿಟ್ಟುಕೊಂಡು ಕೂರುವುದಿಲ್ಲ ಎಂದು ನನಗೆ ಬರುತ್ತಿದ್ದ ಅರೆಬರೆ ಭಾಷೆಯಲ್ಲಿ ವಿವರಿಸಿದೆ.

"ಎಂತ ಹೇಳ್ತಾಳೆ?" ಅತ್ತೆ ಕೇಳಿದಳು. ಹೇಳಿದೆ.

"ನಮ್ಮ ಕಡೆ ಎಂಜಲಿನ ಲೆಕ್ಕ ಇಡುವವ ಯಮ ಒಬ್ಬನೇ ಅಂತ ಹೇಳು ಅವಳಿಗೆ."

ನಾನು ಹೇಳಿದೆ. ಮೈತೆ ಗಹಗಹಿಸಿ ನಕ್ಕು, ಅತ್ತೆಯ ಕಡ್ಡಿಯನ್ನು ಅವಳ ಕೈಗೇ ಕೊಟ್ಟು ಇಟ್ಟುಕೊಳ್ಳಲು ಸನ್ನೆ ಮಾಡಿದಳು. ಅತ್ತೆ ಅದನ್ನು ಸೊಂಟದ ಬಟ್ಟೆಸಂಚಿಗೆ ಹಾಕಿಕೊಂಡಳು.

ಹೀಗೆ ಅಂಗಡಿಯಿಂದ ಅಂಗಡಿಗೆ ಹೋದೆವು. ಬಾಯಿಯ ಹುಣ್ಣಿನಿಂದಾಗಿ ಅತ್ತೆ ಈಚೆಗೆ ಯಾರೆದುರಿಗೂ ಬಾಯಿ ತೆರೆಯುತ್ತಿರಲಿಲ್ಲ. ಗೋಡೆಯತ್ತ ತಿರುಗಿ, ಸೆರಗು ಮರೆಮಾಡಿಕೊಂಡು ತಿನ್ನುತ್ತಿದ್ದಳು. ತಿರುಗಿ ನಿಂತಾಗ ಕಣ್ಣರಳಿಸುತ್ತಿದ್ದಳು. "ಬೆಳ್ಳುಳ್ಳಿ ಸ್ವಲ್ಪ ಹೆಚ್ಚಾಯ್ತು. ಆದರೂ ಕೈ ಉಂಟು ಅವನಿಗೆ" ಎಂದಳು ಅಣಬೆಯ ಅಂಗಡಿಯಲ್ಲಿ. ಏಡಿಯ ತುತ್ತಿಗೆ, "ಹಾಂ, ಇದು!" ಎಂದಳು. ಖುಷಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಂಗಡಿಗಳ ನಡುವೆ ಅವಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಕಡಲಹಕ್ಕಿಗಳು ಅವಳ ಹಿಂದೆಯೇ ಕಿರುಚುತ್ತ ಹಾರುತ್ತಿದ್ದವು. "ನೋಡು, ನಿನ್ನ ಸೀರೆಗೆ ಮೀನಿನ ವಾಸನೆ ಹತ್ತಿದೆ" ಎಂದು ನಾನೇ ಹಾಸ್ಯ ಮಾಡಿದೆ.

ಏಳನೆಯ ಅಂಗಡಿಯಲ್ಲಿ ಕಪ್ಪಗೆ ಸುಟ್ಟ ಮೈಯ ಚೀಸಿನ ಸಿಹಿ ಕಡುಬಿತ್ತು. ಒಂದು ತುಂಡನ್ನು ಎರಡು ಮಾಡಿ ಕಡ್ಡಿ ಚುಚ್ಚಿ ಕೊಟ್ಟರು. ಅತ್ತೆ ಬೆವರು ಒರೆಸಲೆಂದು ಸಂಚಿಯಿಂದ ಕರವಸ್ತ್ರ ಎಳೆದಳು. ಜೊತೆಗೆ ಊರ ದೇವಿಯ ಹೂಪ್ರಸಾದದ ಪೊಟ್ಟಣ ಮೇಜಿನ ಮೇಲೆ ಬಿತ್ತು. ಅದರೊಳಗಿಂದ ಒಣಹೂವಿನ ಎಸಳುಗಳೂ ಆರು ಕಡ್ಡಿಗಳೂ ಚೆಲ್ಲಿದವು.

ನಾನು ನೋಡುತ್ತ ನಿಂತೆ. ಎಂಜಲು ಕೈಯಿಂದ ನೀರಿನ ಕೊಡ ಮುಟ್ಟಿದ್ದಕ್ಕೆ ನನಗೆ ಚಿಕ್ಕಂದಿನಲ್ಲಿ ಬರೆ ಹಾಕಲು ಬಂದಿದ್ದವಳು ಇವಳು. ಬಾಯಿಗಿಟ್ಟ ಕಡ್ಡಿಯನ್ನು ದೇವಿಯ ಪ್ರಸಾದದೊಳಗೆ ಇಡುವವಳಲ್ಲ. ಸತ್ತರೂ ಇಡುವವಳಲ್ಲ.

"ಅತ್ತೆ, ಇವು ಎಂಜಲಲ್ಲ."

ಅವಳು ಎಸಳುಗಳನ್ನು ಒಂದೊಂದಾಗಿ ಆಯ್ದುಕೊಳ್ಳುತ್ತಿದ್ದಳು.

"ಒಂದನ್ನೂ ತಿನ್ನಲಿಲ್ಲ ನೀನು."

"ಹಕ್ಕಿಗೆ ಹಾಕಿದೆ. ಹಾಳು ಮಾಡಲಿಲ್ಲ."

"ಬೆಳ್ಳುಳ್ಳಿ ಹೆಚ್ಚಾಯ್ತು ಅಂದೆಯಲ್ಲ!"

"ಮೂಗು ಉಂಟಲ್ಲ ಮಗಾ." ಪೊಟ್ಟಣ ಮಡಚುತ್ತ ಹೇಳಿದಳು: "ರುಚಿ ಹೋಗಿ ಎರಡು ತಿಂಗಳಾಯ್ತು. ಗಂಜಿಯೂ ಒಂದೇ, ಮಣ್ಣೂ ಒಂದೇ. ಬಾಯಿಗೆ ಇಟ್ಟರೆ ಬೆಂಕಿ. ನೀನು ಇಷ್ಟು ಆಸೆ ಮಾಡಿ ಹೊರಡಿಸಿದ್ದೆ. ಹೇಗೆ ಹೇಳುವುದು?"

ಅವಳು ತನ್ನ ಪಾಲಿನ ತುಂಡಿನಿಂದ ಏಳನೆಯ ಕಡ್ಡಿ ಕಿತ್ತುಕೊಂಡು, ತಟ್ಟೆಯನ್ನು ನನ್ನತ್ತ ಸರಿಸಿದಳು.

"ಅಳಬೇಡ, ಜನ ನೋಡ್ತಾರೆ. ಒಂದು ಕೆಲಸ ಮಾಡು. ನೀನು ತಿಂದಿದ್ದೀಯಲ್ಲ, ನೆನಪಿಟ್ಟುಕೋ. ಇದನ್ನೂ ತಿನ್ನು. ನನ್ನ ನಾಲಗೆ ಹೋದ ಮೇಲೆ ಒಂದೊಂದೇ ಹೇಳು. ಏಳೂ ಹೇಳಬೇಕು. ಮಾತು ಕೊಡು."

ಮಾತು ಕೊಟ್ಟೆ. ಅವಳ ಎದುರಿಗೇ ಆ ಕಡುಬನ್ನು ತಿಂದೆ.

ನಾಲಗೆ ತೆಗೆದರು. ಅತ್ತೆಗೆ ಒಂದು ಸ್ಲೇಟು ತಂದುಕೊಟ್ಟೆ. ಮೂಗಿನ ನಳಿಗೆಯಲ್ಲಿ ಊಟ. ಹಾಸಿಗೆಯ ಪಕ್ಕದ ಕಿಟಕಿಯ ಸಂದಿಯಲ್ಲಿ ಅವಳು ಏಳು ಕಡ್ಡಿಗಳನ್ನೂ ಸಾಲಾಗಿ ಸಿಕ್ಕಿಸಿಟ್ಟಿದ್ದಳು. ನಾನು ದಿನಕ್ಕೊಂದರಂತೆ ಹೇಳಿದೆ. ಮೊದಲನೆಯದು ಬಾಳಕದ ಮೆಣಸನ್ನು ಹುರಿಯುವ ಮುಂಚೆಯೇ ಕದ್ದು ಕಚ್ಚಿದ ಹಾಗೆ ಎಂದೆ. ಏಡಿ, ನೀನು ಮಳೆಗಾಲದ ಮೊದಲ ಏಡಿಗೆ ತೆಂಗಿನಹಾಲು ಹಾಕಿದ್ದೆಯಲ್ಲ, ಅದರ ತಂಗಿ ಎಂದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೇಳಿಯಾದ ಮೇಲೆ ಕೈ ಚಾಚಿ ಒಂದು ಕಡ್ಡಿಯನ್ನು ಕಿತ್ತು ನನ್ನ ಕೈಗೆ ಕೊಡುತ್ತಿದ್ದಳು. ಆರು ದಿನಗಳಲ್ಲಿ ಆರು ಆದವು.

ಏಳನೆಯ ದಿನ ಅವಳು ಕಿಟಕಿಯತ್ತ ನೋಡಿದಾಗ ನಾನು "ನಾಳೆ" ಎಂದೆ.

ಮರುದಿನವೂ ನಾಳೆ ಎಂದೆ. ಐದು ವಾರ ನಾಳೆ ಎಂದೆ. ಹುಣ್ಣು ಕುತ್ತಿಗೆಗೆ ಇಳಿಯಿತು. ಮುಟ್ಟಿದರೆ ನರಳುತ್ತಿದ್ದಳು. ವೈದ್ಯರು ಬಂದು ನೋಡಿ ಏನೂ ಹೇಳದೆ ಹೋಗತೊಡಗಿದರು. ನಾನು ಮಾತ್ರ ಕಿಟಕಿಯ ಆ ಒಂಟಿ ಕಡ್ಡಿಯನ್ನು ಕಾಯುತ್ತಿದ್ದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ.

ಒಂದು ಮಧ್ಯಾಹ್ನ ಅತ್ತೆ ಸ್ಲೇಟು ಕೇಳಿದಳು. ಬರೆಯಲು ಬಹಳ ಹೊತ್ತು ಹಿಡಿಯಿತು. "ಅಮ್ಮ ಕತೆಯ ಕೊನೆ ನನಗೆ ಹೇಳಿದ್ದಳು" ಎಂದು ಬರೆದು, ಒರೆಸಿ, ಮತ್ತೆ ಬರೆದಳು: "ಕೊನೇ ಕಡ್ಡಿ ರಾಣಿಯೇ ಕೇಳಿ ಕೀಳಿಸಿಕೊಂಡಳು. ದಣಿದಿದ್ದಳು."

ನಾನು ಸ್ಲೇಟನ್ನು ಕೆಳಗಿಟ್ಟೆ. ಅವಳ ಕೈ ಹಿಡಿದುಕೊಂಡೆ. ಒಣಗಿದ ಎಲೆಯಷ್ಟು ಹಗುರವಾಗಿತ್ತು.

"ಏಳನೆಯದು ಸಪ್ಪೆ, ಅತ್ತೆ" ಎಂದೆ. "ಸಿಹಿ ಇತ್ತಂತೆ, ಸುಟ್ಟ ಕಹಿಯೂ ಇತ್ತಂತೆ, ಅಂಗಡಿಯವನು ಹೇಳಿದ. ನನಗೆ ಏನೂ ಹತ್ತಲಿಲ್ಲ. ಮಣ್ಣು ತಿಂದ ಹಾಗಿತ್ತು."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಎಷ್ಟೋ ವರ್ಷಗಳ ಹಿಂದೆ ಮದುವೆಮನೆಯ ಹಂಡೆಯ ಪಕ್ಕದಲ್ಲಿ, ಅಂಗೈ ನೆಕ್ಕಿದ ಮೇಲೆ ಆಡಿಸುತ್ತಿದ್ದ ಹಾಗೆಯೇ, ಮೆಲ್ಲಗೆ ತಲೆಯಾಡಿಸಿದಳು. ಆಮೇಲೆ ಕಿಟಕಿಯತ್ತ ಕೈ ಚಾಚಿದಳು. ಕೈ ಅಷ್ಟು ದೂರ ಹೋಗಲಿಲ್ಲ.

ನಾನೇ ಎದ್ದು ಅದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟೆ.