ಗೆದ್ದರೆ ಕಾಲು

ನಮ್ಮನೆಯವರು ಪೇಂಟರ್. ಎರಡಾಳೆತ್ತರದ ಏಣಿಯಿಂದ ಬಿದ್ದು, ಕಾಲು ಮುರಿದು, ಮೈಮೇಲೆಲ್ಲ ತಿಳಿಹಸಿರು ಬಣ್ಣ ಸುರಿದುಕೊಂಡು ನೆಲದ ಮೇಲೆ ಮಲಗಿದ್ದಾಗ ಆ ಮನೆ ಯಜಮಾನಿ ಓಡಿ ಬಂದು "ಅಯ್ಯಯ್ಯೋ, ಏನಾಯ್ತು?" ಅಂದರಂತೆ. ಇವರು ಕೊಟ್ಟ ಉತ್ತರ, "ಪರವಾಗಿಲ್ಲ ಅಮ್ಮಾ, ಎರಡನೇ ಕೋಟ್ ನಾಳೆ ಹೊಡೀತೀನಿ."

ಇಂಥವರ ಜೊತೆ ನನ್ನ ಸಂಸಾರ. ಸಾರು ಉಪ್ಪಾದರೂ ಪರವಾಗಿಲ್ಲ, ಸೂರು ಸೋರಿದರೂ ಪರವಾಗಿಲ್ಲ. ಮದುವೆಗೆ ಮುಂಚೆ ಹುಡುಗಿ ಹೇಗಿದ್ದಾಳೋ ಅಂತ ಅವರಮ್ಮ ಕೇಳಿದ್ದಕ್ಕೂ ಅದೇ ಮಾತು ಹೇಳಿದ್ದರಂತೆ. ಅದನ್ನು ನಾನಿನ್ನೂ ಮರೆತಿಲ್ಲ.

ಮೂಳೆ ಏನೋ ಕೂಡಿತು, ನೆಟ್ಟಗೆ ಕೂಡಲಿಲ್ಲ. ಕೋಲು ಹಿಡಿದು ವಾಲಿಕೊಂಡು ನಡೆಯೋದೇ ಆಯ್ತು. ಅಂಗವೈಕಲ್ಯದ ಭತ್ಯೆಗೆ ಅರ್ಜಿ ಹಾಕಿಸಿದೆ. ಪರೀಕ್ಷೆ ಮಾಡೋಕೆ ಕೂತ ಡಾಕ್ಟರು ಕಾಲು ಹೇಗಿದೆ ಅಂದರು. "ಪರವಾಗಿಲ್ಲ ಸಾರ್." ಮೆಟ್ಟಿಲು ಹತ್ತೋದು? "ಪರವಾಗಿಲ್ಲ ಸಾರ್." ನೋವು? ಅದಕ್ಕೂ ಅದೇ. ಡಾಕ್ಟರು ಪಾಪ, ಹೇಳಿದ್ದನ್ನು ಬರೆದರು. ಅರ್ಜಿದಾರರಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ ಅಂತ ಅರ್ಜಿ ವಜಾ ಆಯ್ತು.

"ಹೋಗಲಿ ಬಿಡೇ," ಅಂದರು ಇವರು. "ನಾಲ್ಕು ಮಹಡಿ ಕಟ್ಟಡ ಒಂದನ್ನ ಒಪ್ಪಿಕೊಂಡಿದ್ದೀನಿ. ಮುಂದಿನ ತಿಂಗಳು ಏಣಿ ಹತ್ತೋದೇ."

ಎರಡಾಳೆತ್ತರದಿಂದ ಬಿದ್ದಿದ್ದಕ್ಕೇ ಹೀಗಾಗಿರೋರು ನಾಲ್ಕು ಮಹಡಿಯಿಂದ ಬಿದ್ದರೆ ನನಗೆ ಏನು ಉಳಿಯುತ್ತೆ? ಭಯ ಆಯ್ತು. ಭಯ ಆದರೆ ನನಗೆ ಅಳು ಬರಲ್ಲ, ಸಿಟ್ಟು ಬರುತ್ತೆ. "ಮೇಲ್ಮನವಿ ಹಾಕೋಣ. ಅದರಲ್ಲೂ ಸೋತರೆ ಆಮೇಲೆ ಏಣಿಯಾದರೂ ಹತ್ತಿ, ಚಂದ್ರಲೋಕಕ್ಕಾದರೂ ಹೋಗಿ!" ಅಂತ ಕೂಗಾಡಿ ಲಾಯರ್ ಹುಡುಕಿದೆ.

ಸಿಕ್ಕ ಲಾಯರಮ್ಮನ ಆಫೀಸು ಒಂದು ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಹಿಡಿದುಕೊಳ್ಳೋಕೆ ಕಂಬಿಯೂ ಇಲ್ಲ. ಬೋರ್ಡ್ ಮೇಲೆ ಮಾತ್ರ ದೊಡ್ಡದಾಗಿ 'ಅಂಗವಿಕಲರ ಕೇಸುಗಳಿಗೆ ಸಂಪರ್ಕಿಸಿ'. ಸಂಪರ್ಕಿಸೋದು ಹೇಗಮ್ಮ, ಹಾರಿಕೊಂಡಾ? ನಮ್ಮನೆಯವರು ಮೆಟ್ಟಿಲಿಗೆ ಬೆನ್ನು ಹಾಕಿ ಕೂತು, ಕುಂಡೆ ಮೇಲೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತಾ ಮೇಲೆ ಬಂದರು. ಮೈಯೆಲ್ಲ ಬೆವರು. ಲಾಯರಮ್ಮ ಗಾಬರಿಯಾಗಿ "ಕಷ್ಟ ಆಯ್ತಾ?" ಅಂದರು.

"ಪರವಾಗಿಲ್ಲ ಮೇಡಂ."

ಲಾಯರಮ್ಮ ಪೆನ್ನು ಕೆಳಗಿಟ್ಟರು. ಹಳೇ ತೀರ್ಪು ಓದಿದರು, ಇವರ ಮುಖ ನೋಡಿದರು, ಮತ್ತೆ ತೀರ್ಪು ನೋಡಿದರು. "ಅಮ್ಮಾ," ಅಂದರು ನನಗೆ, "ನಿಮ್ಮ ಕೇಸಲ್ಲಿ ಎದುರು ಪಾರ್ಟಿ ಸರ್ಕಾರ ಅಲ್ಲ. ಈ ಒಂದು ಮಾತು."

"ಅದು ನನಗೂ ಗೊತ್ತು. ಫೀಸ್ ಎಷ್ಟು ಹೇಳಿ."

"ಸೋತರೆ ನನಗೆ ಬಿಡಿಗಾಸೂ ಬೇಡ. ಗೆದ್ದರೆ ಬರೋ ಹಿಂಬಾಕಿಯಲ್ಲಿ ಕಾಲು. ನಕಲು, ಸರ್ಟಿಫಿಕೇಟಿನ ಖರ್ಚು ಮಾತ್ರ ಸೋತರೂ ಗೆದ್ದರೂ ನಿಮ್ಮದೇ."

"ಕಾಲು ಜಾಸ್ತಿ ಆಯ್ತು. ಅರೆಕಾಲು ಮಾಡಿಕೊಳ್ಳಿ."

"ಅರೆಕಾಲು ಇರೋದು ನಿಮ್ಮ ಯಜಮಾನರಿಗೆ," ಅಂದುಬಿಟ್ಟರು ಲಾಯರಮ್ಮ, ಆಮೇಲೆ ನಾಲಗೆ ಕಚ್ಚಿಕೊಂಡರು. ಇವರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಆದರೆ ಚೌಕಾಸಿ ಮಾಡುವಾಗ ನಗಬಾರದು ಅಂತ ತಡೆದುಕೊಂಡೆ. ಪ್ರಯೋಜನ ಆಗಲಿಲ್ಲ. ಕಾಲು ಅಂದರೆ ಕಾಲೇ.

ಮನೆಗೆ ಬಂದರೆ ನಮ್ಮತ್ತೆ ಕಾಯ್ತಿದ್ದರು. ಅವರಿಗೆ ಕಿವಿ ಮಂದ. "ಏನಂತೆ?" ಅಂದರು.

"ಗೆದ್ದರೆ ಕಾಲು ಕೊಡಬೇಕಂತೆ!" ಅಂತ ಕಿರುಚಿದೆ.

ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ಯಾವ ಕಾಲು?"

"ಕಾಲು ಭಾಗ ಅತ್ತೆ, ಕಾಲು ಭಾಗ!"

"ಮಂಡಿ ಕೆಳಗಿನ ಭಾಗಾನಾ? ನನ್ನ ಮಗನಿಗೆ ನೆಟ್ಟಗಿರೋದೇ ಒಂದು, ಅದನ್ನೂ ಕೇಳ್ತಾಳಾ ಅವಳು? ಗೆದ್ದವನು ಸೋತ, ಸೋತವನು ಸತ್ತ ಅಂತ ದೊಡ್ಡೋರು ಸುಮ್ಮನೆ ಹೇಳಿದ್ದಾರಾ?"

ದುಡ್ಡಿನ ಮಾತು ಅಂತ ಅರ್ಥ ಮಾಡಿಸೋ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಅರ್ಥ ಆದಮೇಲೂ ಅತ್ತೆ, "ಹಾಗಾದರೆ ಕಾಲೇ ಕೊಡೋದು ವಾಸಿ," ಅಂದರು.

ಆಮೇಲೆ ಶುರುವಾಯ್ತು ನಮ್ಮನೇಲಿ ಪಾಠ. ಲಾಯರಮ್ಮ ಹೇಳಿಕೊಟ್ಟ ಹಾಗೆ ನಾನು ಅಧಿಕಾರಿ ಆಗಿ ಕುರ್ಚಿ ಮೇಲೆ ಕೂತು ಪ್ರಶ್ನೆ ಕೇಳೋದು, ಇವರು ಆ ಮಾತು ಬಿಟ್ಟು ಬೇರೆ ಏನಾದರೂ ಹೇಳೋದು. ತಪ್ಪಿದರೆ ಸೌಟಿನಿಂದ ಮೇಜಿಗೆ ಒಂದೇಟು. ಮೇಜಿಗೆ ಗಾಯವಾಯ್ತೇ ಹೊರತು ಇವರಿಗೆ ಬುದ್ಧಿ ಬರಲಿಲ್ಲ. "ಪರ..." ಅಂತ ಶುರು ಮಾಡಿ ನುಂಗಿಕೊಳ್ಳೋರು. ಒಂದು ದಿನ ಸೌಟು ಜಾರಿ ನನ್ನ ಬೆರಳಿಗೇ ಬಿತ್ತು. "ಅಮ್ಮಾ!" ಅಂತ ಚೀರಿದೆ. ಇವರು ಬೆರಳು ಹಿಡಿದು ಊದುತ್ತಾ "ಪರವಾಗಿಲ್ಲ, ಪರವಾಗಿಲ್ಲ" ಅಂದರು. ಹೊಟ್ಟೆ ಉರಿದುಹೋಯ್ತು.

ವಿಚಾರಣೆ ದಿನ ಬಂತು. ಸಣ್ಣ ಕೋಣೆ, ಉದ್ದನೆ ಮೇಜು. ಅಧಿಕಾರಿಗೆ ದಪ್ಪ ಕನ್ನಡಕ, ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ನಮ್ಮನೆಯವರ ಕಣ್ಣು ಆ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು.

"ಏನು ನೋಡ್ತಿದ್ದೀರಿ?" ಅಂದರು ಅಧಿಕಾರಿ.

"ತೇವ ಆರೋಕೆ ಮುಂಚೆ ಬಣ್ಣ ಹೊಡೆದಿದ್ದಾರೆ ಸಾರ್. ಎಲ್ಲಾ ಕೆರೆದು ಹೊಡೀಬೇಕು. ಎರಡು ದಿನದ ಕೆಲಸ, ನಾನೇ ಮಾಡಿಕೊಡ್ತೀನಿ ಬಿಡಿ."

ಲಾಯರಮ್ಮ ಕಣ್ಣು ಮುಚ್ಚಿಕೊಂಡರು. ಸೌಟು ಮನೆಯಲ್ಲಿದ್ದರೂ ನನ್ನ ಕೈ ಅದನ್ನೇ ಹುಡುಕಿತು. ಕೈಯಾರೆ ತನ್ನ ತಲೆ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳೋ ಈ ಮನುಷ್ಯನನ್ನು ಏನು ಮಾಡಲಿ ನಾನು?

ಅಧಿಕಾರಿ ಕನ್ನಡಕ ತೆಗೆದರು. "ಮಾಡಿಕೊಡ್ತೀರಾ? ಮೇಲ್ಗಡೆ ಮೂಲೆಗೆ ಏಣಿ ಹತ್ತಬೇಕಲ್ಲ? ಹತ್ತೋಕೆ ಆಗುತ್ತಾ?"

"ಪರ..." ಅಂದರು ಇವರು. ನಿಲ್ಲಿಸಿದರು. ನುಂಗಿಕೊಂಡರು ಅಂದುಕೊಂಡೆ. ಇಲ್ಲ, ನನ್ನ ಕಡೆ ತಿರುಗಿದರು.

"ಹೋದ ವಾರ ನೀನು ಅಂಗಡಿಗೆ ಹೋಗಿದ್ದಾಗ ಹಿತ್ತಲಲ್ಲಿ ಏಣಿ ಹಾಕಿ ನೋಡಿದೆ ಕಣೇ. ಎರಡನೇ ಮೆಟ್ಟಿಲಿಗೆ ಹೋದಮೇಲೆ ಪಾದ ಎಲ್ಲಿದೆ ಅಂತಾನೇ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲಿದೆಯೋ, ಗಾಳಿಯಲ್ಲಿದೆಯೋ. ಇಳಿಯೋಕೂ ಭಯ. ನೀನು ಬಾಗಿಲು ತೆಗೆಯೋ ಸದ್ದು ಕೇಳಿ, ಕಣ್ಣು ಮುಚ್ಚಿ ಹಾರಿಬಿಟ್ಟೆ." ಆಮೇಲೆ ಅಧಿಕಾರಿ ಕಡೆ ತಿರುಗಿ, "ಪರವಾಗಿದೆ ಸಾರ್," ಅಂದರು. "ತುಂಬಾ ಪರವಾಗಿದೆ."

ಅವತ್ತು ಮೊಣಕೈ ಯಾಕೆ ತರಚಿದೆ ಅಂತ ಕೇಳಿದ್ದಕ್ಕೆ ಬೆಕ್ಕು ಅಂದಿದ್ದರು. ನಮ್ಮನೇಲಿ ಬೆಕ್ಕೇ ಇಲ್ಲ. ಭಯದ ಜೊತೆ ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ, ಅಳು ಬಂತು. ಅಷ್ಟು ಜನರ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಅಧಿಕಾರಿ ಬರೆಯುತ್ತಿದ್ದವರು ಪೆನ್ನು ಎತ್ತಿ, "ಪರವಾಗಿದೆ ಅಂತ ಒಂದು ಪದ ಇದೆಯಾ?" ಅಂತ ಲಾಯರಮ್ಮನನ್ನು ಕೇಳಿದರು.

"ಇವತ್ತಿಂದ ಇದೆ ಸಾರ್," ಅಂದರು ಲಾಯರಮ್ಮ.

ಭತ್ಯೆ ಮಂಜೂರಾಯ್ತು. ನಾಲ್ಕು ಮಹಡಿ ಕಟ್ಟಡ ಬೇರೆಯವರ ಪಾಲಾಯ್ತು. ಏಣಿಯನ್ನು ನಾನೇ ಮಾರಿದೆ. ಹಿಂಬಾಕಿ ಕೈಗೆ ಬಂದ ದಿನ ಅದರಲ್ಲಿ ಕಾಲು ಎತ್ತಿಡುವಾಗ ಕರುಳು ಹಿಂಡಿದ ಹಾಗಾಯ್ತು, ಸುಳ್ಳೇಕೆ ಹೇಳಲಿ. ಇವರಿಂದ ಒಂದು ಮಾತು ಹೊರಡಿಸೋಕೆ ಇಷ್ಟೊಂದು ಫೀಸಾ? ಅದೂ ಸೌಟು ಹಿಡಿದಿದ್ದು ನಾನು!

ಗೊಣಗುತ್ತಲೇ ಇಬ್ಬರೂ ಚಪ್ಪಲಿ ಅಂಗಡಿ ಹತ್ತಿರ ಹೋದೆವು. ನಾನು ಮೆಟ್ಟಿಲು ಹತ್ತೋಕೆ ಕಾಲಿಟ್ಟೆ. ಇವರು ಬರಲಿಲ್ಲ. ಅಂಗಡಿ ಮುಂದಿನ ಸ್ಟೂಲ್ ಮೇಲೆ ಕೂತು, ಕೋಲು ಪಕ್ಕಕ್ಕಿಟ್ಟು, ತಲೆ ಎತ್ತಿ ಬೀದಿಗೆಲ್ಲ ಕೇಳೋ ಹಾಗೆ ಕೂಗಿದರು:

"ಮೇಡಂ! ನನಗೆ ಹತ್ತೋಕಾಗಲ್ಲ! ಕಾಲು ಬೇಕಿದ್ದರೆ ನೀವೇ ಕೆಳಗೆ ಬನ್ನಿ!"

ಇಷ್ಟು ವರ್ಷದಲ್ಲಿ ಅವರ ಬಾಯಿಂದ 'ಆಗಲ್ಲ' ಅನ್ನೋ ಮಾತು ನಾನು ಕೇಳಿದ್ದು ಅದೇ ಮೊದಲು. ಲಾಯರಮ್ಮ ದಡದಡ ಇಳಿದು ಬಂದರು. ಕವರು ಕೈಗೆ ತೆಗೆದುಕೊಂಡು, ನನ್ನ ಮುಖ ನೋಡಿ, ಸ್ವಲ್ಪ ಅಳುಕಿನಿಂದಲೇ ಕೇಳಿದರು, "ಫೀಸ್ ಜಾಸ್ತಿ ಆಯ್ತು ಅನ್ನಿಸ್ತಾ ಅಮ್ಮಾ?"

"ಪರವಾಗಿಲ್ಲ," ಅಂದೆ.